ನ್ಯಾನೊದ್ರವದೊಳಗಿನ ಗಂಟುಗಳು ಮತ್ತು ಶಾಖದ ದಾರಿ

ಸಂಶೋಧನಾ ವಿದ್ಯಾರ್ಥಿಯಾಗಿದ್ದ ಮೊದಲ ವರ್ಷದಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ಒಂದೇ ಸೀಸೆಯಿಂದ ಬಂದ ಮೂರು ಅಳತೆಗಳು. ನೀರಿನಲ್ಲಿ ಅಲ್ಯೂಮಿನಾದ (ಅಲ್ಯೂಮಿನಿಯಂ ಆಕ್ಸೈಡಿನ) ನ್ಯಾನೊಕಣಗಳನ್ನು ಬೆರೆಸಿ, ಶ್ರವಣಾತೀತ ತರಂಗಗಳ ತೊಟ್ಟಿಯಲ್ಲಿ ಎರಡು ಗಂಟೆ ಇಟ್ಟು, ಬೆಳಿಗ್ಗೆ ಅದರ ಉಷ್ಣವಾಹಕತೆಯನ್ನು ಅಳೆದಿದ್ದೆ. ಸೀಸೆಯನ್ನು ಅಲುಗಿಸದೆ ಹಾಗೆಯೇ ಬಿಟ್ಟು ಸಂಜೆ ಮತ್ತೊಮ್ಮೆ ಅಳೆದಾಗ ಸಂಖ್ಯೆ ಮೇಲಕ್ಕೆ ಹೋಗಿತ್ತು. ಮರುದಿನ ಬೆಳಿಗ್ಗೆ ಅಳೆದಾಗ ಅದು ಮೊದಲ ಅಳತೆಗಿಂತಲೂ ಕೆಳಗಿಳಿದಿತ್ತು. ಉಪಕರಣದ ಮೇಲೆ ಅನುಮಾನ ಬಂದು ಬರಿಯ ಬಟ್ಟಿ ಇಳಿಸಿದ ನೀರನ್ನು ಮತ್ತೆ ಮತ್ತೆ ಅಳೆದು ನೋಡಿದೆ. ಅದು ಪ್ರತಿ ಸಲವೂ ಪಠ್ಯಪುಸ್ತಕದಲ್ಲಿರುವ ಬೆಲೆಯನ್ನೇ ಕೊಟ್ಟಿತು. ಹಾಗಾದರೆ ಬದಲಾಗುತ್ತಿದ್ದದ್ದು ಸೀಸೆಯೊಳಗಿನ ದ್ರವವೇ. ಕಣಗಳ ಪ್ರಮಾಣ ಬದಲಾಗಿರಲಿಲ್ಲ, ನೀರು ಬದಲಾಗಿರಲಿಲ್ಲ, ಉಷ್ಣತೆಯೂ ಬದಲಾಗಿರಲಿಲ್ಲ. ಬದಲಾಗಿದ್ದದ್ದು ಕಣಗಳು ಒಂದರ ಪಕ್ಕದಲ್ಲಿ ಒಂದು ಕುಳಿತಿದ್ದ ರೀತಿ ಮಾತ್ರ.

ರಾಗಿ ಗಂಜಿ ಮಾಡಿದವರಿಗೆ ಈ ವಿಷಯ ಹೊಸದಲ್ಲ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳದೆ ನೇರವಾಗಿ ಕುದಿಯುವ ನೀರಿಗೆ ಸುರಿದರೆ ಅದು ಗಂಟು ಕಟ್ಟುತ್ತದೆ. ಹಿಟ್ಟು ಅಷ್ಟೇ ಇರುತ್ತದೆ, ನೀರೂ ಅಷ್ಟೇ ಇರುತ್ತದೆ, ಆದರೆ ಗಂಜಿ ಬೇರೆಯೇ ಆಗುತ್ತದೆ. ಗಂಟು ಕಟ್ಟಲು ಅಲ್ಲಿರುವ ಕಾರಣ ಬೇರೆ, ನ್ಯಾನೊಕಣಗಳನ್ನು ಬೆರೆಸಿದ ದ್ರವದಲ್ಲಿ, ಅಂದರೆ ನ್ಯಾನೊದ್ರವದಲ್ಲಿ, ಇರುವ ಕಾರಣ ಬೇರೆ, ನಿಜ. ಆದರೂ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುವುದನ್ನು ಹೇಳಲು ಗುಚ್ಛೀಕರಣ ಎಂಬ ಶಾಸ್ತ್ರೀಯ ಪದಕ್ಕಿಂತ ಗಂಟು ಎಂಬ ನಮ್ಮ ಅಡುಗೆಮನೆಯ ಮಾತೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಈ ಬರಹದುದ್ದಕ್ಕೂ ಅದನ್ನೇ ಬಳಸುತ್ತೇನೆ.

ದ್ರವಕ್ಕೆ ಘನಕಣಗಳನ್ನು ಬೆರೆಸುವ ಯೋಚನೆಯ ಹಿಂದೆ ಸರಳವಾದ ಒಂದು ಆಸೆಯಿದೆ. ನೀರಿನ ಉಷ್ಣವಾಹಕತೆ ಮೀಟರ್-ಕೆಲ್ವಿನ್ನಿಗೆ ಸುಮಾರು 0.6 ವಾಟ್, ವಾಹನಗಳ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲಿನದು ಸುಮಾರು 0.25, ತಾಮ್ರದ್ದಾದರೋ 400ರಷ್ಟು. ಇಷ್ಟು ದೊಡ್ಡ ಅಂತರವಿರುವಾಗ ದ್ರವಕ್ಕೆ ಸ್ವಲ್ಪ ಘನವನ್ನು ಸೇರಿಸಿದರೆ ಶಾಖ ಬೇಗ ಸಾಗಬೇಕಲ್ಲವೇ ಎಂಬ ಪ್ರಶ್ನೆ ಸಹಜವಾದದ್ದು. ಮಿಲಿಮೀಟರ್ ಅಥವಾ ಮೈಕ್ರೊಮೀಟರ್ ಗಾತ್ರದ ಪುಡಿ ಕೊಳವೆಯಲ್ಲಿ ಬೇಗ ತಳಕ್ಕಿಳಿಯುತ್ತದೆ, ಪಂಪನ್ನು ಸವೆಸುತ್ತದೆ. ಕೆಲವು ಹತ್ತು ನ್ಯಾನೊಮೀಟರ್ ಗಾತ್ರದ ಕಣಗಳಾದರೆ ಈ ತೊಂದರೆ ತಪ್ಪೀತು ಎಂಬ ಭರವಸೆಯಿಂದ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್ 1995ರಲ್ಲಿ ಇಂಥ ನಿಲಂಬನಗಳಿಗೆ ನ್ಯಾನೊದ್ರವ ಎಂಬ ಹೆಸರನ್ನು ಬಳಕೆಗೆ ತಂದರು.

ಹೀಗೆ ಬೆರೆಸಿದ ದ್ರವದ ಉಷ್ಣವಾಹಕತೆಯನ್ನು ಲೆಕ್ಕಹಾಕುವ ಸೂತ್ರ ಮಾತ್ರ ಬಹಳ ಹಳೆಯದು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರಲ್ಲಿ ಪ್ರಕಟಿಸಿದ ವಿದ್ಯುತ್ಕಾಂತತೆಯ ಗ್ರಂಥದಲ್ಲಿ, ಒಂದು ಮಾಧ್ಯಮದೊಳಗೆ ದೂರದೂರದಲ್ಲಿ ಚದುರಿದ ಗೋಳಗಳಿದ್ದರೆ ಒಟ್ಟು ವಾಹಕತೆ ಎಷ್ಟಾಗುತ್ತದೆ ಎಂಬುದನ್ನು ಕಂಡುಹಿಡಿಯುವ ವಿಧಾನವಿದೆ. ವಿದ್ಯುತ್ತಿಗೆ ಹೇಳಿದ ಆ ಗಣಿತವೇ ಶಾಖಕ್ಕೂ ಹೊಂದುತ್ತದೆ. ಗೋಳಗಳು ಎಷ್ಟೇ ಒಳ್ಳೆಯ ವಾಹಕಗಳಾಗಿರಲಿ, ಅವು ಗಾತ್ರದ ಲೆಕ್ಕದಲ್ಲಿ ಶೇ. 1ರಷ್ಟಿದ್ದರೆ ಉಷ್ಣವಾಹಕತೆ ಹೆಚ್ಚೆಂದರೆ ಶೇ. 3ರಷ್ಟು ಏರುತ್ತದೆ ಎಂಬುದು ಅದರ ಸಾರಾಂಶ. ತಾಮ್ರದ ಬದಲು ವಜ್ರವನ್ನೇ ಹಾಕಿದರೂ ಈ ಮಿತಿಯನ್ನು ದಾಟಲಾಗದು. ಏಕೆಂದರೆ ಒಂದು ಗೋಳದಿಂದ ಮತ್ತೊಂದಕ್ಕೆ ಹೋಗುವಾಗ ಶಾಖ ನಡುವಿನ ದ್ರವವನ್ನು ಹಾದೇ ಹೋಗಬೇಕು, ಮತ್ತು ಪ್ರಯಾಣದ ವೇಗವನ್ನು ನಿರ್ಧರಿಸುವುದು ಆ ನಿಧಾನದ ದಾರಿಯೇ.

ಆದ್ದರಿಂದಲೇ 2001ರಲ್ಲಿ ಆರ್ಗಾನ್‌ನಿಂದ ಬಂದ ಎರಡು ವರದಿಗಳು ದೊಡ್ಡ ಸಂಚಲನ ಉಂಟುಮಾಡಿದವು. ಜೆಫ್ರಿ ಈಸ್ಟ್‌ಮನ್ ಮತ್ತು ಸಂಗಡಿಗರು ಹತ್ತು ನ್ಯಾನೊಮೀಟರಿಗಿಂತ ಸಣ್ಣ ತಾಮ್ರದ ಕಣಗಳನ್ನು ಎಥಿಲೀನ್ ಗ್ಲೈಕಾಲಿಗೆ ಕೇವಲ ಶೇ. 0.3ರಷ್ಟು ಸೇರಿಸಿ, ಉಷ್ಣವಾಹಕತೆ ಶೇ. 40ರಷ್ಟು ಏರಿತೆಂದು ತಿಳಿಸಿದರು. ಮ್ಯಾಕ್ಸ್‌ವೆಲ್ ಸೂತ್ರದ ಪ್ರಕಾರ ಅಲ್ಲಿ ಶೇ. 1ರಷ್ಟೂ ಏರಿಕೆ ಕಾಣಬಾರದಿತ್ತು. ಅದೇ ವರ್ಷ ಚೋಯ್ ಅವರ ತಂಡ ಎಣ್ಣೆಯಲ್ಲಿ ಶೇ. 1ರಷ್ಟು ಇಂಗಾಲದ ನ್ಯಾನೊನಾಳಗಳನ್ನು ಬೆರೆಸಿ ಉಷ್ಣವಾಹಕತೆಯನ್ನು ಎರಡೂವರೆ ಪಟ್ಟು ಮಾಡಿದ್ದಾಗಿ ವರದಿ ಮಾಡಿತು. 2003ರಲ್ಲಿ ಐಐಟಿ ಮದ್ರಾಸಿನ ಸರಿತ್ ಕುಮಾರ್ ದಾಸ್ ಮತ್ತು ಸಹೋದ್ಯೋಗಿಗಳು ಉಷ್ಣತೆ 21ರಿಂದ 51 ಡಿಗ್ರಿ ಸೆಲ್ಸಿಯಸ್‌ಗೆ ಏರುವಷ್ಟರಲ್ಲಿ ಈ ಹೆಚ್ಚಳವೇ ಎರಡರಿಂದ ನಾಲ್ಕು ಪಟ್ಟಾಗುವುದನ್ನು ತೋರಿಸಿದರು. ಹಳೆಯ ಸೂತ್ರ ನ್ಯಾನೊಲೋಕದಲ್ಲಿ ಸೋತಿದೆ, ಅಲ್ಲಿ ಹೊಸ ಭೌತವಿಜ್ಞಾನವೇ ಇದೆ ಎಂಬ ಮಾತು ಆಗ ಎಲ್ಲೆಡೆ ಕೇಳಿಬರುತ್ತಿತ್ತು.

ಆ ಹೊಸ ಭೌತವಿಜ್ಞಾನದ ಮುಖ್ಯ ಅಭ್ಯರ್ಥಿ ಬ್ರೌನಿಯನ್ ಚಲನೆ. ಸಣ್ಣ ಕಣಗಳು ದ್ರವದಲ್ಲಿ ಎಡೆಬಿಡದೆ ಅಲೆದಾಡುತ್ತವೆ, ಹಾಗೆ ಅಲೆದಾಡುವಾಗ ಶಾಖವನ್ನೂ ಹೊತ್ತೊಯ್ಯುತ್ತವೆ ಎಂಬುದು ಆ ವಾದ. ಕೇಳಲು ಬಹಳ ಚೆನ್ನಾಗಿರುವ ಈ ವಾದ ಒಂದು ಸಣ್ಣ ಲೆಕ್ಕದ ಎದುರು ನಿಲ್ಲುವುದಿಲ್ಲ. ಹತ್ತು ನ್ಯಾನೊಮೀಟರ್ ವ್ಯಾಸದ ಕಣ ಕೋಣೆಯ ಉಷ್ಣತೆಯ ನೀರಿನಲ್ಲಿ ಎಷ್ಟು ಬೇಗ ಹರಡಿಕೊಳ್ಳುತ್ತದೆ ಎಂಬುದನ್ನು ಐನ್‌ಸ್ಟೈನರ ಸೂತ್ರದಿಂದ ಲೆಕ್ಕಹಾಕಿ, ಅದೇ ನೀರಿನಲ್ಲಿ ಶಾಖ ಹರಡುವ ವೇಗದೊಂದಿಗೆ ಹೋಲಿಸಿದರೆ, ಎರಡನೆಯದರ ವಿಸರಣಾಂಕ ಮೊದಲನೆಯದಕ್ಕಿಂತ ಸುಮಾರು ಮೂರು ಸಾವಿರ ಪಟ್ಟು ದೊಡ್ಡದು ಎಂದು ತಿಳಿಯುತ್ತದೆ. ಕಣ ತನ್ನ ಹೊರೆಯನ್ನು ಹೊತ್ತು ಒಂದು ಹೆಜ್ಜೆ ಇಡುವಷ್ಟರಲ್ಲಿ ಶಾಖ ತಾನಾಗಿಯೇ ನೀರಿನ ಮೂಲಕ ಬಹುದೂರ ಹೋಗಿಬಿಟ್ಟಿರುತ್ತದೆ. ಕಣ ತನ್ನ ಸುತ್ತಲಿನ ನೀರನ್ನೂ ಕದಡುತ್ತದೆಯೆಂಬ ಸೂಕ್ಷ್ಮ ಸಂವಹನದ ವಾದವೂ ಇತ್ತು. ಅದರ ಬಗ್ಗೆ ಹಲವು ವರ್ಷ ಚರ್ಚೆ ನಡೆಯಿತು. ಅದೂ ಸಾಲದೆಂದೇ ನನ್ನ ಅಭಿಪ್ರಾಯ.

ಪಾವೆಲ್ ಕೆಬ್ಲಿನ್ಸ್ಕಿ ಮತ್ತು ಆರ್ಗಾನ್‌ನ ಸಂಗಡಿಗರು 2002ರಲ್ಲಿ ಬರೆದ ಪ್ರಬಂಧದಲ್ಲಿ ನಾಲ್ಕು ಕಾರಣಗಳನ್ನು ತೂಗಿ ನೋಡಿದ್ದರು: ಬ್ರೌನಿಯನ್ ಚಲನೆ, ಕಣದ ಮೈಗೆ ಅಂಟಿಕೊಂಡ ದ್ರವದ ಪದರ, ಕಣದೊಳಗೆ ಶಾಖ ಸಾಗುವ ರೀತಿ, ಮತ್ತು ಗಂಟು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಸಾದಾ ಆದದ್ದು ಗಂಟು. ಅದಕ್ಕೆ ಹೊಸ ನಿಯಮ ಬೇಡ. ಮ್ಯಾಕ್ಸ್‌ವೆಲ್ ತಮ್ಮ ಸೂತ್ರಕ್ಕೆ ಹಾಕಿದ ಷರತ್ತು, ಅಂದರೆ ಗೋಳಗಳು ದೂರದೂರದಲ್ಲಿ ಇರಬೇಕೆಂಬುದು, ಇಲ್ಲಿ ಪಾಲನೆಯಾಗಿಲ್ಲ ಎಂದು ಒಪ್ಪಿಕೊಂಡರೆ ಸಾಕು.

ಮನೆಯ ತಾರಸಿಗೆ ಕಾಂಕ್ರೀಟ್ ಹಾಕುವ ದಿನವನ್ನು ನೆನಪಿಸಿಕೊಳ್ಳಿ. ಕೆಲಸಗಾರರು ಅಂಗಳದಲ್ಲಿ ಅಲ್ಲಲ್ಲಿ ಚದುರಿ ನಿಂತಿದ್ದರೆ ಪ್ರತಿಯೊಬ್ಬರೂ ಬಾಣಲಿಯನ್ನು ಹೊತ್ತುಕೊಂಡು ಮುಂದಿನವರ ತನಕ ನಡೆಯಬೇಕಾಗುತ್ತದೆ. ಅದೇ ಜನ ನೆಲದಿಂದ ತಾರಸಿಯ ತನಕ ಸಾಲಾಗಿ ನಿಂತರೆ ಬಾಣಲಿ ಕೈಯಿಂದ ಕೈಗೆ ಹಾರಿಹೋಗುತ್ತದೆ. ಜನರ ಸಂಖ್ಯೆ ಹೆಚ್ಚಾಗಲಿಲ್ಲ, ಯಾರ ಶಕ್ತಿಯೂ ಹೆಚ್ಚಾಗಲಿಲ್ಲ. ಸಾಲು ಕೂಡಿಕೊಂಡಿತು ಅಷ್ಟೆ. ಕಣಗಳು ಒಂದಕ್ಕೊಂದು ತಾಗಿಕೊಂಡು ಉದ್ದನೆಯ ಕೊಂಬೆಗಳಾದಾಗ ಶಾಖಕ್ಕೆ ಇಂಥದೇ ಸಾಲು ಸಿಗುತ್ತದೆ, ನಡುವಿನ ದ್ರವವನ್ನು ಅದು ಬಹುಮಟ್ಟಿಗೆ ತಪ್ಪಿಸಿಕೊಂಡು ಹೋಗಬಲ್ಲದು.

ಇದರಿಂದ ಎಷ್ಟು ಲಾಭವಾಗಬಹುದು ಎಂಬುದಕ್ಕೂ ಒಂದು ಖಚಿತವಾದ ಮಿತಿಯಿದೆ. ಹಾಶಿನ್ ಮತ್ತು ಶ್ಟ್ರಿಕ್‌ಮನ್ 1962ರಲ್ಲಿ, ಎರಡು ವಸ್ತುಗಳ ಪ್ರಮಾಣ ಮಾತ್ರ ಗೊತ್ತಿದ್ದು ಜೋಡಣೆ ಗೊತ್ತಿಲ್ಲದಿದ್ದಾಗ, ಎಲ್ಲ ದಿಕ್ಕಿನಲ್ಲೂ ಒಂದೇ ಬಗೆಯಾಗಿರುವ ಮಿಶ್ರಣದ ಗುಣ ಯಾವ ಎರಡು ಗೆರೆಗಳ ನಡುವೆ ಇರಲೇಬೇಕು ಎಂದು ಸಾಧಿಸಿ ತೋರಿಸಿದರು. ಕೆಳಗಿನ ಗೆರೆ ಮ್ಯಾಕ್ಸ್‌ವೆಲ್ಲರ ಸೂತ್ರವೇ, ಅಂದರೆ ಚೆನ್ನಾಗಿ ಚದುರಿದ ಕಣಗಳು. ಮೇಲಿನ ಗೆರೆ ಅದರ ತಿರುವುಮುರುವು: ಘನವೇ ಎಡೆಬಿಡದೆ ಹೆಣೆದುಕೊಂಡು ದ್ರವ ಅದರ ಕೋಣೆಗಳೊಳಗೆ ಸಿಕ್ಕಿಕೊಂಡಿರುವ ಸ್ಥಿತಿ. ದ್ರವಕ್ಕಿಂತ ಐವತ್ತು ಪಟ್ಟು ಒಳ್ಳೆಯ ವಾಹಕವಾದ ಕಣಗಳನ್ನು ಶೇ. 1ರಷ್ಟು ಬೆರೆಸಿದರೆ (ನೀರಿನಲ್ಲಿ ಅಲ್ಯೂಮಿನಾ ಹೆಚ್ಚುಕಡಿಮೆ ಹೀಗೆಯೇ) ಕೆಳಗಿನ ಗೆರೆ ಸುಮಾರು ಶೇ. 3ರ ಏರಿಕೆಯನ್ನು ಹೇಳುತ್ತದೆ, ಮೇಲಿನದು ಶೇ. 33ರ ಏರಿಕೆಯನ್ನು. ಎರಡು ಗೆರೆಗಳ ನಡುವಿನ ಅಂತರ ಹತ್ತು ಪಟ್ಟು! ಈಸ್ಟ್‌ಮನ್ನರ ತಾಮ್ರದ ದ್ರವಕ್ಕೆ ಇದೇ ಲೆಕ್ಕ ಹಾಕಿದರೆ ಮೇಲಿನ ಗೆರೆ ಮೂರು ಪಟ್ಟಿನಷ್ಟು ಹೆಚ್ಚಳಕ್ಕೂ ಎಡೆಕೊಡುತ್ತದೆ. ಅವರು ಕಂಡ ಶೇ. 40 ಅದರೊಳಗೆ ಆರಾಮವಾಗಿ ಹಿಡಿಸುತ್ತದೆ. ಕೆಬ್ಲಿನ್ಸ್ಕಿ, ರವಿ ಪ್ರಾಶರ್ ಮತ್ತು ಜೇಕಬ್ ಈಪನ್ 2008ರಲ್ಲಿ ಅಲ್ಲಿಯ ತನಕದ ಹಲವಾರು ಪ್ರಯೋಗಗಳ ದತ್ತಾಂಶವನ್ನು ಒಟ್ಟಿಗಿಟ್ಟು ನೋಡಿ, ಅವುಗಳಲ್ಲಿ ಬಹುಪಾಲು ಈ ಎರಡು ಗೆರೆಗಳ ನಡುವೆಯೇ ಬೀಳುತ್ತವೆ ಎಂದು ತೋರಿಸಿದರು. ಆ ಪ್ರಬಂಧವನ್ನು ಮೊದಲ ಸಲ ಓದಿದ ದಿನ ನನ್ನ ಸೀಸೆಯ ಮೂರು ಅಳತೆಗಳು ನೆನಪಾದವು. ಸೂತ್ರ ಸೋತಿರಲಿಲ್ಲ, ಕೆಳಗಿನ ಗೆರೆಯೊಂದನ್ನೇ ಇಡೀ ಸೂತ್ರವೆಂದು ನಾವು ಭಾವಿಸಿದ್ದೆವು.

ಗಂಟಿನ ಆಕಾರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಡೀ ವಿಷಯದ ತಿರುಳು ಅಲ್ಲಿದೆ. ಗಂಟು ಎಂದೊಡನೆ ಲಾಡಿನಂಥ ಗಟ್ಟಿ ಉಂಡೆ ಕಣ್ಣಮುಂದೆ ಬರುತ್ತದೆ. ಆದರೆ ದ್ರವದಲ್ಲಿ ಅಲೆದಾಡುತ್ತ ಡಿಕ್ಕಿಯಾದೊಡನೆ ಅಂಟಿಕೊಳ್ಳುವ ಕಣಗಳು ಉಂಡೆಯಾಗುವುದಿಲ್ಲ. ಹೊರಗಿನಿಂದ ಬಂದ ಕಣ ಒಳಗೆ ನುಸುಳುವ ಮೊದಲೇ ಯಾವುದಾದರೊಂದು ಕೊಂಬೆಯ ತುದಿಗೆ ಸಿಕ್ಕಿಕೊಂಡುಬಿಡುತ್ತದೆ. ಹೀಗೆ ಬೆಳೆಯುವ ಗಂಟು ಒಣಗಿದ ಮುಳ್ಳುಪೊದೆಯಂತೆ ಪೊಳ್ಳಾಗಿ, ಕವಲುಕವಲಾಗಿ ಇರುತ್ತದೆ. ಇದರ ಫ್ರ್ಯಾಕ್ಟಲ್ ಆಯಾಮ, ಅಂದರೆ ಗಂಟು ಜಾಗವನ್ನು ಎಷ್ಟು ದಟ್ಟವಾಗಿ ತುಂಬುತ್ತದೆ ಎಂಬುದರ ಅಳತೆ, ಸುಮಾರು 1.8. ಪ್ರತಿ ಡಿಕ್ಕಿಗೂ ಅಂಟದೆ, ಹಲವು ಸಲ ತಾಗಿ ನಂತರ ಅಂಟುವ ಕಣಗಳು ಸ್ವಲ್ಪ ಒಳಗೆ ನುಸುಳಬಲ್ಲವಾದ್ದರಿಂದ ಅವುಗಳ ಗಂಟು ತುಸು ದಟ್ಟ, ಅಲ್ಲಿ ಆಯಾಮ 2.1ರ ಸಮೀಪ. ಪೂರಾ ಗಟ್ಟಿ ಉಂಡೆಗೆ ಅದು 3. ಆಯಾಮ 1.8 ಇರುವ ಗಂಟಿನ ತ್ರಿಜ್ಯ ಒಂದು ಕಣದ ತ್ರಿಜ್ಯಕ್ಕಿಂತ ಹತ್ತು ಪಟ್ಟು ಆದಾಗ, ಗಂಟು ಆಕ್ರಮಿಸಿದ ಜಾಗದಲ್ಲಿ ನಿಜವಾದ ಘನ ಶೇ. 6ರಷ್ಟು ಮಾತ್ರ ಇರುತ್ತದೆ, ಉಳಿದದ್ದೆಲ್ಲ ಒಳಗೆ ಸಿಕ್ಕಿಕೊಂಡ ದ್ರವ. ಇನ್ನೊಂದು ರೀತಿ ಹೇಳುವುದಾದರೆ, ಶೇ. 1ರಷ್ಟು ಕಣಗಳು ಇಂಥ ಗಂಟುಗಳಾಗಿ ಸೇರಿ ದ್ರವದ ಶೇ. 16ರಷ್ಟು ಜಾಗಕ್ಕೆ ಕೈಚಾಚಿರುತ್ತವೆ. ಅತಿ ಕಡಿಮೆ ಘನದಿಂದ ಬಹು ದೊಡ್ಡ ಜಾಗವನ್ನು ಹೆಣೆದುಕೊಳ್ಳುವ ಈ ಗುಣಕ್ಕೆ ಮೊಸರಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಹಸುವಿನ ಹಾಲಿನಲ್ಲಿ ಪ್ರೋಟೀನು ಶೇ. 3ರಿಂದ 4ರಷ್ಟು ಮಾತ್ರ; ಹೆಪ್ಪು ಹಾಕಿದಾಗ ಹುಟ್ಟುವ ಆಮ್ಲದಿಂದ ಕೇಸೀನ್ ಕಣಗಳು ತಮ್ಮ ವಿದ್ಯುದಂಶವನ್ನು ಕಳೆದುಕೊಂಡು ಪರಸ್ಪರ ಅಂಟಿ, ಪಾತ್ರೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನ ತನಕ ಬಲೆ ಹೆಣೆಯುತ್ತವೆ, ಅಷ್ಟೂ ನೀರು ಆ ಬಲೆಯಲ್ಲಿ ನಿಂತುಬಿಡುತ್ತದೆ.

ಆದರೆ ಗಂಟಿನೊಳಗಿನ ಎಲ್ಲ ಕಣಗಳೂ ಶಾಖವನ್ನು ಸಾಗಿಸುವುದಿಲ್ಲ. ಆಗ ಇಂಟೆಲ್ ಕಂಪನಿಯಲ್ಲಿದ್ದ ಪ್ರಾಶರ್, ಕೆಬ್ಲಿನ್ಸ್ಕಿ ಮತ್ತು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಫೆಲನ್ ಮುಂತಾದವರು 2006ರ ಸುಮಾರಿಗೆ ಕಟ್ಟಿದ ಮಾದರಿಯಲ್ಲಿ ಗಂಟನ್ನು ಎರಡು ಭಾಗವಾಗಿ ನೋಡುತ್ತಾರೆ. ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಎಡೆಬಿಡದೆ ಸಾಗುವ ಸರಣಿ ಅದರ ಬೆನ್ನೆಲುಬು. ಪಕ್ಕಕ್ಕೆ ಚಾಚಿ ಎಲ್ಲಿಗೂ ಸೇರದೆ ನಿಂತ ಕೊಂಬೆಗಳು ಮೊಂಡು ತುದಿಗಳು. ಶಾಖ ದೂರ ಸಾಗುವುದು ಬೆನ್ನೆಲುಬಿನ ಮೇಲೆ. ಮೊಂಡು ತುದಿಯ ಕಣಗಳು ತಮ್ಮ ಸುತ್ತಲಿನ ದ್ರವವನ್ನು ಅಷ್ಟಿಷ್ಟು ಸುಧಾರಿಸುತ್ತವೆ, ಅದಕ್ಕಿಂತ ಹೆಚ್ಚಿನ ಕೆಲಸ ಅವುಗಳಿಂದ ಆಗದು. ಹೀಗಾಗಿ ಒಂದೇ ಸಂಖ್ಯೆಯ ಕಣಗಳಿರುವ ಎರಡು ಗಂಟುಗಳು ಎರಡು ಬೇರೆ ಬೇರೆ ಉಷ್ಣವಾಹಕತೆಗಳನ್ನು ಕೊಡಬಲ್ಲವು. ಪ್ರಯೋಗಾಲಯದಲ್ಲಿ ಬೆಳಕನ್ನು ಚದುರಿಸಿ ಗಂಟಿನ ಸರಾಸರಿ ಗಾತ್ರವನ್ನು ಅಳೆಯುವುದು ಸುಲಭ, ಬೆನ್ನೆಲುಬು ಎಷ್ಟಿದೆ ಎಂದು ಅಳೆಯುವುದು ಬಹಳ ಕಷ್ಟ. ನಮ್ಮ ಕ್ಷೇತ್ರದ ಅನೇಕ ಭಿನ್ನಾಭಿಪ್ರಾಯಗಳು ಈ ಕಷ್ಟದಿಂದಲೇ ಹುಟ್ಟಿವೆಯೆಂದು ನಾನು ನಂಬಿದ್ದೇನೆ.

ಗಡಿಯಲ್ಲಿ ಶಾಖಕ್ಕೆ ಎದುರಾಗುವ ರೋಧ ಇಲ್ಲಿ ಇನ್ನೊಂದು ಪಾತ್ರಧಾರಿ. ಘನ ಮತ್ತು ದ್ರವ ಸೇರುವಲ್ಲಿ ಶಾಖ ಸಲೀಸಾಗಿ ದಾಟುವುದಿಲ್ಲ, ಅಲ್ಲಿ ಉಷ್ಣತೆಯಲ್ಲಿ ಒಂದು ಸಣ್ಣ ಜಿಗಿತವಿರುತ್ತದೆ. 1941ರಲ್ಲಿ ರಷ್ಯದ ಪ್ಯೋಟರ್ ಕಪಿಟ್ಜಾ ಇದನ್ನು ದ್ರವ ಹೀಲಿಯಂನಲ್ಲಿ ಕಂಡಿದ್ದರಿಂದ ಅವರ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಈ ರೋಧವನ್ನು ದ್ರವದ ಒಂದು ತೆಳು ಪದರದ ದಪ್ಪಕ್ಕೆ ಸಮೀಕರಿಸಿ ಹೇಳುವ ರೂಢಿಯಿದೆ; ನೀರಿನಲ್ಲಿ ಅದು ಕೆಲವು ನ್ಯಾನೊಮೀಟರುಗಳಷ್ಟು. ಕಣದ ತ್ರಿಜ್ಯ ಈ ದಪ್ಪಕ್ಕೆ ಸಮನಾದರೆ, ಕಣ ತಾಮ್ರದ್ದಾಗಿದ್ದರೂ ಶಾಖದ ಪಾಲಿಗೆ ಅದು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ಅದಕ್ಕಿಂತ ಸಣ್ಣದಾದರೆ ಅಡ್ಡಿಯೇ ಆಗುತ್ತದೆ. ಕಣ ಸಣ್ಣದಾದಷ್ಟೂ ಒಳ್ಳೆಯದು ಎಂಬ ಮಾತು ಉಷ್ಣವಹನದ ಮಟ್ಟಿಗೆ ತಪ್ಪು ಎಂಬುದು ಇದರಿಂದ ತಿಳಿಯುತ್ತದೆ. ಸಣ್ಣ ಕಣಗಳು ಸೇರಿ ಗಂಟಾದಾಗ ಶಾಖ ಪ್ರತಿ ಕಣದಲ್ಲೂ ದ್ರವಕ್ಕೆ ಇಳಿದು ಹತ್ತಬೇಕಾಗಿಲ್ಲ. ಕಣ ಮತ್ತು ಕಣದ ನಡುವಿನ ಸಂಪರ್ಕ ಗಟ್ಟಿಯಾಗಿದ್ದಷ್ಟೂ ಗಡಿ ದಾಟುವ ಕಷ್ಟ ಕಡಿಮೆಯಾಗುತ್ತದೆ. ಆದರೆ ಕಣಗಳ ಮೈಗೆ ಸರ್ಫ್ಯಾಕ್ಟಂಟಿನ (ಕಣಗಳು ಅಂಟದಂತೆ ಬೆರೆಸುವ ಸಾಬೂನಿನಂಥ ವಸ್ತುವಿನ) ದಪ್ಪ ಹೊದಿಕೆಯಿದ್ದು, ಆ ಹೊದಿಕೆಗಳೇ ಒಂದಕ್ಕೊಂದು ತಾಗಿ ನಿಂತಿದ್ದರೆ, ಅಂಥ ಸಂಪರ್ಕದಿಂದ ಸಿಗುವ ಲಾಭ ಅಷ್ಟಕ್ಕಷ್ಟೆ.

ಗಂಟು ಏಕೆ ಕಟ್ಟುತ್ತದೆ ಎಂಬುದನ್ನು ಕೇಳುವ ಬದಲು ಅದು ಕಟ್ಟದೆ ಹೇಗೆ ಉಳಿಯುತ್ತದೆ ಎಂದು ಕೇಳುವುದೇ ಹೆಚ್ಚು ಸರಿ. ಸ್ಮೊಲುಕೋವ್ಸ್ಕಿ 1917ರಲ್ಲಿ ಕೊಟ್ಟ ಸೂತ್ರದಲ್ಲಿ ಇಪ್ಪತ್ತು ನ್ಯಾನೊಮೀಟರ್ ವ್ಯಾಸದ ಕಣಗಳನ್ನು ಶೇ. 1ರ ಪ್ರಮಾಣದಲ್ಲಿ ನೀರಿಗೆ ಹಾಕಿ ನೋಡಿದರೆ ಬರುವ ಉತ್ತರ ಬೆರಗು ಹುಟ್ಟಿಸುತ್ತದೆ: ಕಣಗಳ ನಡುವೆ ಯಾವ ವಿಕರ್ಷಣೆಯೂ ಇಲ್ಲದಿದ್ದರೆ, ಬಿಡಿಯಾಗಿ ತೇಲುವ ಕಾಯಗಳ ಸಂಖ್ಯೆ ಅರ್ಧಕ್ಕಿಳಿಯಲು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಾಗುವುದಿಲ್ಲ. ಅಂಥ ದ್ರವ ಒಂದು ಇಡೀ ದಿನ ಬಾಳಬೇಕಾದರೆ ನೂರು ಕೋಟಿ ಡಿಕ್ಕಿಗಳಲ್ಲಿ ಒಂದೇ ಒಂದು ಡಿಕ್ಕಿ ಅಂಟಿನಲ್ಲಿ ಕೊನೆಯಾಗಬೇಕು. ಇಷ್ಟು ಬಲವಾದ ತಡೆಯನ್ನು ಒದಗಿಸುವುದು ಕಣದ ಮೈಮೇಲಿನ ವಿದ್ಯುದಂಶ ಅಥವಾ ಹೊದಿಕೆ. ಆಕರ್ಷಣೆ ಮತ್ತು ವಿಕರ್ಷಣೆಗಳ ಈ ಜಗ್ಗಾಟವನ್ನು 1941ರಲ್ಲಿ ಡೆರ್ಯಾಗಿನ್ ಮತ್ತು ಲ್ಯಾಂಡೌ, 1948ರಲ್ಲಿ ವೆರ್ವೆ ಮತ್ತು ಓವರ್‌ಬೀಕ್ ಲೆಕ್ಕಕ್ಕೆ ಇಳಿಸಿದರು. ಅಲ್ಯೂಮಿನಾದ ಮೈಯ ವಿದ್ಯುದಂಶ ಪಿಎಚ್ 9ರ ಸಮೀಪ ಸೊನ್ನೆಯಾಗುತ್ತದೆ, ಸಿಲಿಕಾದ್ದು 2ರ ಸಮೀಪ. ಆ ಬೆಲೆಯಿಂದ ದೂರವಿದ್ದರೆ ಕಣಗಳು ಪರಸ್ಪರ ದೂಡಿಕೊಂಡು ಬಿಡಿಯಾಗಿರುತ್ತವೆ, ಹತ್ತಿರ ಬಂದರೆ ಅಂಟಿಕೊಳ್ಳುತ್ತವೆ. ಕರಗಿದ ಲವಣ ಹೆಚ್ಚಾದರೂ ವಿಕರ್ಷಣೆಯ ವ್ಯಾಪ್ತಿ ಕುಗ್ಗುತ್ತದೆ. ಕೆಸರು ನೀರಿಗೆ ಪಟಿಕ ಹಾಕಿ ತಿಳಿಮಾಡುವ ನಮ್ಮ ಹಳ್ಳಿಗಳ ಪದ್ಧತಿಯ ಹಿಂದೆ ಇದೇ ತತ್ತ್ವ ಕೆಲಸ ಮಾಡುತ್ತದೆ.

ನನ್ನ ಸೀಸೆಯ ಕಥೆಯೂ ಇದೇ ಆಗಿತ್ತು. ಮೊದಲ ದಿನ ನಾನು ಪಿಎಚ್ ಅಳೆದೇ ಇರಲಿಲ್ಲ. ಅನಂತರ ಅಳೆದಾಗ ಅದು 8ನ್ನು ದಾಟಿತ್ತು, ಅಂದರೆ ಕಣಗಳು ತಮ್ಮ ರಕ್ಷಣೆಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದವು. ಶ್ರವಣಾತೀತ ತರಂಗಗಳು ಬೆಳಿಗ್ಗೆ ಒಡೆದಿಟ್ಟಿದ್ದ ಗಂಟುಗಳು ಸಂಜೆಯ ಹೊತ್ತಿಗೆ ಮುಳ್ಳುಪೊದೆಗಳಾಗಿ ಮತ್ತೆ ಹೆಣೆದುಕೊಂಡಿದ್ದರಿಂದ ಶಾಖಕ್ಕೆ ದಾರಿ ಸಿಕ್ಕಿ ಅಳತೆ ಏರಿತ್ತು. ರಾತ್ರಿಯಿಡೀ ಆ ಗಂಟುಗಳು ಇನ್ನೂ ಬೆಳೆದು, ತಮ್ಮ ಭಾರಕ್ಕೇ ಕುಸಿದು ದಟ್ಟವಾಗಿ, ತಳಕ್ಕೆ ಇಳಿದಿದ್ದವು. ಮರುದಿನ ಅಳೆಯುವ ಉಪಕರಣದ ಬಿಸಿತಂತಿಯ ಸುತ್ತ ಉಳಿದಿದ್ದದ್ದು ಹೆಚ್ಚುಕಡಿಮೆ ಬರಿಯ ನೀರು. ಇಪ್ಪತ್ತು ನ್ಯಾನೊಮೀಟರಿನ ಒಂಟಿ ಅಲ್ಯೂಮಿನಾ ಕಣ ನೀರಿನಲ್ಲಿ ದಿನಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇಳಿಯುವುದಿಲ್ಲ, ಆದರೆ ಒಂದು ಮೈಕ್ರೊಮೀಟರಿನ ಗಟ್ಟಿ ಉಂಡೆ ದಿನಕ್ಕೆ ಹದಿನೈದು ಸೆಂಟಿಮೀಟರ್ ಇಳಿಯುತ್ತದೆ. ನನ್ನ ಸೀಸೆಯ ಎತ್ತರ ಅದಕ್ಕಿಂತ ಕಡಿಮೆಯಿತ್ತು. ಸ್ವಲ್ಪ ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ ಅನ್ನು 4ಕ್ಕೆ ತಂದ ಮೇಲೆ ಅದೇ ಪುಡಿಯಿಂದ ಮಾಡಿದ ದ್ರವ ವಾರಗಟ್ಟಲೆ ಒಂದೇ ಅಳತೆಯನ್ನು ಕೊಟ್ಟಿತು, ಮತ್ತು ಆ ಅಳತೆ ಮ್ಯಾಕ್ಸ್‌ವೆಲ್ಲರ ಗೆರೆಯ ಪಕ್ಕದಲ್ಲೇ ಇತ್ತು.

ಗಂಟೇ ಕಾರಣ ಎಂಬುದಕ್ಕೆ ನನಗೆ ಅತ್ಯಂತ ಮೆಚ್ಚುಗೆಯಾದ ಸಾಕ್ಷ್ಯ ದ್ರವವನ್ನು ಹೆಪ್ಪುಗಟ್ಟಿಸಿ ನೋಡಿದ ಪ್ರಯೋಗದಿಂದ ಬಂದದ್ದು. ಎಂಐಟಿಯ ಗ್ಯಾಂಗ್ ಚೆನ್ ಮತ್ತು ಸಂಗಡಿಗರು 2009ರಲ್ಲಿ ಅಲ್ಯೂಮಿನಾ ಕಣಗಳನ್ನು ಎರಡು ದ್ರವಗಳಲ್ಲಿ ಬೆರೆಸಿದರು: ಒಂದು ಹೆಕ್ಸಾಡೆಕೇನ್ ಎಂಬ ಹೈಡ್ರೊಕಾರ್ಬನ್, ಇನ್ನೊಂದು ಕರಗಿಸಿದ ಹಂದಿ ಕೊಬ್ಬು. ಹೆಪ್ಪುಗಟ್ಟಿದ ಘನದಲ್ಲಿ ಬ್ರೌನಿಯನ್ ಚಲನೆಗೆ ಎಡೆಯಿಲ್ಲ. ಚಲನೆಯೇ ಕಾರಣವಾಗಿದ್ದರೆ ಹೆಪ್ಪುಗಟ್ಟಿದೊಡನೆ ಹೆಚ್ಚಳ ಮಾಯವಾಗಬೇಕಿತ್ತು. ಹಾಗೆ ಆಗಲಿಲ್ಲ. ಹೆಕ್ಸಾಡೆಕೇನ್ ಸ್ಫಟಿಕಗಳಾಗಿ ಹೆಪ್ಪುಗಟ್ಟುತ್ತದೆ. ಬೆಳೆಯುವ ಸ್ಫಟಿಕಗಳು ಕಣಗಳನ್ನು ತಮ್ಮ ಅಂಚುಗಳಿಗೆ ತಳ್ಳಿ ಅಲ್ಲಿ ಒತ್ತೊತ್ತಾಗಿ ಜೋಡಿಸುತ್ತವೆ, ಅಲ್ಲಿ ಕಣಗಳಿಂದಾಗುವ ಹೆಚ್ಚಳ ಇನ್ನೂ ದೊಡ್ಡದಾಯಿತು. ಸ್ಫಟಿಕವಾಗದೆ ಗಟ್ಟಿಯಾಗುವ ಕೊಬ್ಬಿನಲ್ಲಿ ಕಣಗಳು ಇದ್ದಲ್ಲೇ ಉಳಿದವು, ಹೆಚ್ಚಳವೂ ಇದ್ದಷ್ಟೇ ಉಳಿಯಿತು. ಇದೇ ಬಳಗ 2011ರಲ್ಲಿ ಅಲ್ಯೂಮಿನಾದ ಬದಲು ಗ್ರಾಫೈಟ್ ಹಾಳೆಗಳನ್ನು ಬಳಸಿ, 18 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಹೆಪ್ಪುಗಟ್ಟಿ ಕರಗುವಾಗ ಉಷ್ಣವಾಹಕತೆ 3.2 ಪಟ್ಟಿನ ತನಕ, ವಿದ್ಯುದ್ವಾಹಕತೆ ನೂರು ಪಟ್ಟಿನಷ್ಟು ಏರಿಳಿಯುವಂತೆ ಮಾಡಿತು. ಗಂಟನ್ನು ಬೇಕೆಂದಾಗ ಕಟ್ಟಿ ಬೇಡವೆಂದಾಗ ಬಿಚ್ಚುವ ಸ್ವಿಚ್ ಅದು.

ನಮ್ಮ ನೆರೆಯ ಕಲ್ಪಾಕ್ಕಮ್ಮಿನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದಲ್ಲಿ ಇಂಥದೇ ಸ್ವಿಚ್ಚನ್ನು ಅಯಸ್ಕಾಂತದಿಂದ ಮಾಡಿ ತೋರಿಸಿದ್ದರು. ಜಾನ್ ಫಿಲಿಪ್, ಶಿಮಾ ಮತ್ತು ಬಲದೇವ್ ರಾಜ್ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸರಾಸರಿ 6.7 ನ್ಯಾನೊಮೀಟರ್ ವ್ಯಾಸದ ಮ್ಯಾಗ್ನಟೈಟ್ ಕಣಗಳ ನಿಲಂಬನವನ್ನು ಕಾಂತಕ್ಷೇತ್ರದೊಳಗಿಟ್ಟು ಅಳೆದ ವಿವರಗಳಿವೆ. ಕ್ಷೇತ್ರ ಇಲ್ಲದಾಗ ಹೇಳಿಕೊಳ್ಳುವಂಥ ಹೆಚ್ಚಳವಿಲ್ಲ. ಶಾಖ ಹರಿಯುವ ದಿಕ್ಕಿನಲ್ಲೇ ಕ್ಷೇತ್ರವನ್ನು ಹಾಯಿಸಿದಾಗ ಕಣಗಳು ಸರಪಣಿಗಳಾಗಿ ಸಾಲುಗಟ್ಟಿ, ಶೇ. 6.3ರ ಪ್ರಮಾಣದಲ್ಲಿ ಉಷ್ಣವಾಹಕತೆ ಮೂಲ ದ್ರವದ ನಾಲ್ಕು ಪಟ್ಟಾಯಿತು. ಕ್ಷೇತ್ರವನ್ನು ಶಾಖದ ದಿಕ್ಕಿಗೆ ಅಡ್ಡಲಾಗಿ ತಿರುಗಿಸಿದರೆ ಸರಪಣಿಗಳು ಅಡ್ಡಲಾಗುತ್ತವೆ, ಲಾಭವೂ ಹೊರಟುಹೋಗುತ್ತದೆ. ಸಾಲು ತಾರಸಿಯ ಕಡೆಗೆ ನಿಲ್ಲದೆ ಬೀದಿಯುದ್ದಕ್ಕೆ ನಿಂತರೆ ಬಾಣಲಿ ಮೇಲೇರುವುದಾದರೂ ಹೇಗೆ? ಗಂಟಿನ ಗಾತ್ರ ಮಾತ್ರವಲ್ಲ, ಅದರ ದಿಕ್ಕೂ ಮುಖ್ಯವೆಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಬೇರೊಂದು ಪ್ರಯೋಗ ನನ್ನ ಓದಿಗೆ ಸಿಕ್ಕಿಲ್ಲ. ಬಲದೇವ್ ರಾಜ್ ಅವರು ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿ ಬಂದು, 2018ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿದ್ದರು.

ಇದಕ್ಕೆ ವಿರುದ್ಧವೆಂದು ತೋರುವ ಫಲಿತಾಂಶಗಳೂ ಇವೆ. ದಕ್ಷಿಣ ಕೊರಿಯಾದ ಬುಸಾನ್‌ನ ತಂಡವೊಂದು 2006ರಲ್ಲಿ ಎಥಿಲೀನ್ ಗ್ಲೈಕಾಲಿನಲ್ಲಿ ಕಬ್ಬಿಣದ ಕಣಗಳನ್ನು ಬೆರೆಸಿ ಅಳೆದಾಗ, ಶ್ರವಣಾತೀತ ತರಂಗಗಳಿಂದ ಗಂಟು ಒಡೆದಷ್ಟೂ ಉಷ್ಣವಾಹಕತೆ ಏರಿತು, ತರಂಗಗಳನ್ನು ನಿಲ್ಲಿಸಿ ಗಂಟು ಮತ್ತೆ ಬೆಳೆದಂತೆ ಅದು ಇಳಿಯಿತು. ಮೊದಲು ಓದಿದಾಗ ಇದು ಮೇಲಿನದಕ್ಕೆಲ್ಲ ಉಲ್ಟಾ ಎನಿಸಿತ್ತು. ಈಗ ಹಾಗೆನಿಸುವುದಿಲ್ಲ. ಚದುರಿದ ಬಿಡಿ ಕಣಗಳಿಂದ ಮುಳ್ಳುಪೊದೆಯ ಕಡೆಗೆ ಹೋಗುವಾಗ ವಾಹಕತೆ ಏರುತ್ತದೆ, ಮುಳ್ಳುಪೊದೆಯಿಂದ ಗಟ್ಟಿ ಉಂಡೆಯ ಕಡೆಗೆ ಹೋಗುವಾಗ ಇಳಿಯುತ್ತದೆ. ಏಕೆಂದರೆ ದೂರದೂರದಲ್ಲಿರುವ ದೊಡ್ಡ ಉಂಡೆಗಳು ಮ್ಯಾಕ್ಸ್‌ವೆಲ್ಲರ ಗೋಳಗಳೇ ಆಗಿ, ಕೊಂಬೆಗಳ ಕೈಚಾಚು ಇಲ್ಲವಾಗುತ್ತದೆ. ಪ್ರಾಶರ್ ಮತ್ತು ಸಂಗಡಿಗರ ಲೆಕ್ಕದಲ್ಲೂ ಗಂಟು ಕಟ್ಟುವುದಕ್ಕೆ ಹೀಗೆ ಒಂದು ಹದವಿದೆ. ಹದದ ಈಚೆ ನಿಂತು ಅಳೆದವರು ಗಂಟು ಒಳ್ಳೆಯದೆಂದೂ ಆಚೆ ನಿಂತು ಅಳೆದವರು ಕೆಟ್ಟದ್ದೆಂದೂ ಬರೆದರು.

2009ರಲ್ಲಿ ಎಂಐಟಿಯ ಜಾಕೊಪೊ ಬ್ಯುಯೊಂಜೋರ್ನೊ ಅವರ ಮುಂದಾಳತ್ವದಲ್ಲಿ ಮೂವತ್ತಕ್ಕೂ ಹೆಚ್ಚು ಸಂಸ್ಥೆಗಳು ಸೇರಿ, ಒಂದೇ ಕಡೆ ತಯಾರಾದ ಒಂದೇ ಮಾದರಿಗಳನ್ನು ಹಂಚಿಕೊಂಡು ಬೇರೆ ಬೇರೆ ವಿಧಾನಗಳಲ್ಲಿ ಅಳೆದವು. ಫಲಿತಾಂಶಗಳು ಬಹುಪಾಲು ಶೇ. 10ರ ಅಂತರದೊಳಗೆ ಹೊಂದಿಕೊಂಡವು, ಮತ್ತು ಚದುರಿದ ಕಣಗಳಿಗೆ ಮ್ಯಾಕ್ಸ್‌ವೆಲ್ ಕೊಟ್ಟ ಹಾಗೂ 1997ರಲ್ಲಿ ನಾನ್ ಮತ್ತು ಸಂಗಡಿಗರು ಗಡಿರೋಧವನ್ನೂ ಸೇರಿಸಿ ವಿಸ್ತರಿಸಿದ ಸಿದ್ಧಾಂತದೊಂದಿಗೆ ಚೆನ್ನಾಗಿ ತಾಳೆಯಾದವು. ಅಲ್ಲಿ ಅಸಹಜವಾದ ಏರಿಕೆ ಏನೂ ಕಾಣಲಿಲ್ಲ. ಇದರಿಂದ ನ್ಯಾನೊದ್ರವದ ಕಥೆ ಮುಗಿಯಿತೆಂದು ಕೆಲವರು ಬೇಸರಪಟ್ಟರು. ನನಗೆ ಹಾಗೆ ಕಾಣುವುದಿಲ್ಲ. ಕಣಗಳು ಬಿಡಿಯಾಗಿದ್ದಾಗ ಹೆಚ್ಚೇನೂ ಸಿಗದು ಎಂದು ಖಚಿತವಾದ ಮೇಲೆ, ಹೆಚ್ಚು ಬೇಕಾದವರು ಗಂಟಿನ ಕಡೆಗೆ ತಿರುಗಲೇಬೇಕು.

ಹಾಗೆ ತಿರುಗಿದಾಗ ಎದುರಾಗುವುದು ಸ್ನಿಗ್ಧತೆ, ಅಂದರೆ ಹರಿಯಲು ದ್ರವ ಒಡ್ಡುವ ತಡೆ. ಗಂಟು ತನ್ನೊಳಗೆ ದ್ರವವನ್ನು ಸೆರೆಹಿಡಿಯುವುದರಿಂದ, ಹರಿವಿನ ಪಾಲಿಗೆ ಆ ಇಡೀ ಜಾಗವೂ ಘನದಂತೆಯೇ ವರ್ತಿಸುತ್ತದೆ. ಶೇ. 1ರಷ್ಟು ಬಿಡಿ ಕಣಗಳಿದ್ದಾಗ ಐನ್‌ಸ್ಟೈನರ ಸೂತ್ರದಂತೆ ಸ್ನಿಗ್ಧತೆ ಶೇ. 2.5ರಷ್ಟು ಮಾತ್ರ ಏರುತ್ತದೆ. ಅವೇ ಕಣಗಳು ಮೇಲೆ ಹೇಳಿದಂತೆ ಶೇ. 16ರಷ್ಟು ಜಾಗವನ್ನು ಹೆಣೆದುಕೊಂಡಾಗ, ಕ್ರೀಗರ್ ಮತ್ತು ಡಾಹರ್ಟಿ 1959ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಏರಿಕೆ ಶೇ. 60ರ ಹತ್ತಿರ ಬರುತ್ತದೆ. ಪ್ರಾಶರ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದಂತೆ, ಕೊಳವೆಯಲ್ಲಿ ಪದರಪದರವಾಗಿ ಹರಿಯುವ ದ್ರವದಲ್ಲಿ ಸ್ನಿಗ್ಧತೆಯ ಏರಿಕೆ ಉಷ್ಣವಾಹಕತೆಯ ಏರಿಕೆಗಿಂತ ನಾಲ್ಕು ಪಟ್ಟು ಮೀರಿದರೆ, ಕಣಗಳನ್ನು ಬೆರೆಸಿದ ದ್ರವ ಬರಿಯ ದ್ರವಕ್ಕಿಂತ ಕೆಟ್ಟದ್ದೇ ಆಗುತ್ತದೆ. ಅಂದರೆ ಆ ಗಂಟುಗಳು ಕನಿಷ್ಠ ಶೇ. 15ರಷ್ಟಾದರೂ ಉಷ್ಣವಾಹಕತೆಯನ್ನು ಏರಿಸಿಕೊಡಬೇಕು, ಇಲ್ಲವಾದರೆ ಪಂಪಿಗೆ ಸುರಿದ ವಿದ್ಯುತ್ತು ನಷ್ಟವೇ. ಶೇ. 33ರ ಮೇಲಿನ ಗೆರೆ ಮತ್ತು ಶೇ. 15ರ ಈ ಹೊಸ್ತಿಲು, ಇವೆರಡರ ನಡುವಿನ ಕಿರಿದಾದ ಜಾಗದಲ್ಲಿ ನೀರು-ಅಲ್ಯೂಮಿನಾ ದ್ರವ ತನ್ನ ಉಪಯುಕ್ತತೆಯನ್ನು ಸಾಧಿಸಿ ತೋರಿಸಬೇಕಾಗಿದೆ; ಹರಿವಿಲ್ಲದೆ ನಿಂತಲ್ಲೇ ಇರುವ ಮೇಣ ಅಥವಾ ಎರಡು ಲೋಹಗಳ ನಡುವೆ ಸವರುವ ಉಷ್ಣಲೇಪಗಳಿಗೆ ಮಾತ್ರ ಈ ಹೊಸ್ತಿಲಿನ ಕಾಟವಿಲ್ಲ. ನಾನು ಈಗ ಕೆಲಸ ಮಾಡುತ್ತಿರುವುದು ಆ ಲೇಪಗಳ ಮೇಲೆ, ಮತ್ತು ಸೀಸೆಯ ಮೇಲಿನ ಚೀಟಿಯಲ್ಲಿ ಕಣದ ಪ್ರಮಾಣದ ಜೊತೆಗೆ ಪಿಎಚ್, ಲವಣದ ಪ್ರಮಾಣ, ತರಂಗದ ತೊಟ್ಟಿಯಿಂದ ಹೊರತೆಗೆದ ಗಳಿಗೆ ಮತ್ತು ಅಳೆದ ಗಳಿಗೆಯನ್ನು ಬರೆಯದೆ ಯಾವ ಸಂಖ್ಯೆಯನ್ನೂ ನನ್ನ ಟಿಪ್ಪಣಿ ಪುಸ್ತಕಕ್ಕೆ ಸೇರಿಸುವುದಿಲ್ಲ.